ಗಂಡನ ಹೆಸರು ಹೇಳದ ಅಜ್ಜಿ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ಮೀಸೆ ಬೋಳಿಸಿಕೊಳ್ಳುತ್ತೇನೆ. ಯುದ್ಧದ ಕಾಲದಲ್ಲಿ ದೊಡ್ಡಬಳ್ಳಾಪುರದ ರೇಷನ್ ಕಚೇರಿಯಲ್ಲಿ ನನ್ನಂಥ ಗುಮಾಸ್ತ ಇನ್ನೊಬ್ಬನಿರಲಿಲ್ಲ. ಮುನಿಯಪ್ಪ, ಮುನ್ಯಪ್ಪ, ಮುನಿಅಪ್ಪ ಅಂತ ಯಾರು ಹೇಗೆ ಬರೆದಿದ್ದರೂ ಸರಿ, ಕಿವಿಗೆ ಒಂದೇ ಥರ ಕೇಳುವ ಹೆಸರಿನ ಕಾರ್ಡುದಾರರ ಚೀಟಿಗಳನ್ನೆಲ್ಲ ಒಂದೇ ಕಟ್ಟಿಗೆ ಸೇರಿಸಿಟ್ಟಿದ್ದೆ. ನೀವು ಹೆಸರು ಹೇಳಲು ಬಾಯಿ ತೆರೆದರೆ ಸಾಕು, ಮುಚ್ಚುವಷ್ಟರಲ್ಲಿ ಚೀಟಿ ಎದುರಿಗೆ!

ಒಂದು ದಿನ ದೊಡ್ಡಬೆಳವಂಗಲದಿಂದ ಅಜ್ಜಿಯೊಬ್ಬಳು ನಡೆದು ಬಂದಳು. ಕಾರ್ಡು ಕಳೆದುಹೋಗಿತ್ತು, ಹೊಸದು ಸಿಗದಿದ್ದರೆ ಆ ವಾರ ಒಲೆ ಹಚ್ಚುವಂತಿರಲಿಲ್ಲ. ಕಾರ್ಡು ಇದ್ದದ್ದು ತೀರಿಕೊಂಡ ಗಂಡನ ಹೆಸರಿನಲ್ಲಿ.

“ಯಜಮಾನರ ಹೆಸರೇನಮ್ಮಾ?”

“ಅಯ್ಯೋ, ಗಂಡನ ಹೆಸ್ರು ಬಾಯಲ್ಲಿ ಹೇಳ್ತಾರಾ ಸ್ವಾಮಿ?”

“ಹೇಳೋಕೆ ಯಾರನ್ನಾದ್ರೂ ಕರ್ಕೊಂಡ್ ಬರ್ಬಾರ್ದಾ?”

“ನಂಗ್ಯಾರವ್ರೆ?”

ನನ್ನ ವಿದ್ಯೆಯೆಲ್ಲ ಅಲ್ಲೇ ಕುಸಿದು ಕೂತಿತು. ಕೊನೆಗೆ ಕಟ್ಟುಗಳನ್ನು ಬಿಚ್ಚಿ ಒಂದೊಂದೇ ಹೆಸರು ಓದುತ್ತಾ ಹೋದೆ. ಆಕೆ ಅಲ್ಲ, ಅಲ್ಲ ಅಂತ ತಲೆಯಾಡಿಸುತ್ತಲೇ ಇದ್ದಳು. “ಚಿಕ್ಕನರಸಯ್ಯ” ಅಂದಾಗ ಸೆರಗು ತಲೆಗೆಳೆದುಕೊಂಡು ಹೂಂಗುಟ್ಟಿದಳು.

ಹೊಸ ಕಾರ್ಡು ಬರೆದುಕೊಟ್ಟೆ. ಆದರೂ ಆಕೆ ಏಳಲಿಲ್ಲ.

“ಇನ್ನೊಂದ್ ಸಲ ಓದಿ ಸ್ವಾಮಿ. ಮನೇಲಿ ಆ ಹೆಸ್ರು ಹೇಳೋರು ಯಾರೂ ಇಲ್ಲ.”

ಮೂರು ಸಲ ಓದಿದೆ, ಇಡೀ ಕಚೇರಿಗೇ ಕೇಳುವಂತೆ.

ಇದರಲ್ಲಿ ಒಂದೇ ಒಂದು ಸಣ್ಣ ಸುಳ್ಳಿದೆ: ನಿಮಗೆ ಹೇಳಿದ ಆ ಹೆಸರು. ನಿಜವಾದದ್ದನ್ನು ಹೇಳೋಣವೆಂದರೆ, ಏನು ಮಾಡಲಿ, ನನಗೂ ಬಾಯಿ ಬರುವುದಿಲ್ಲ.