ಪಶ್ಚಿಮಕ್ಕೆ ತಿರುಗಿ

ಒಂದು ಹಾಳೆಯ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು ಎಂದರೆ ನೀವು ನಗುತ್ತೀರಿ. ನಗಿ. ಅದನ್ನು ಬರೆದವನು ಪೀಟರ್, ಗ್ಲೆಂಡೇಲಿನಲ್ಲಿ ನನ್ನ ಹೆಂಡತಿ ನಸೀಮಾಳ ಆಫೀಸಿನವನು. ವಾರವಿಡೀ ಟೈ ಕಟ್ಟಿ ಕೂರುವ ಈ ಮನುಷ್ಯ ರಜೆ ಬಂದರೆ ಕಬ್ಬಿಣದ ಬಳೆಗಳನ್ನು ಹೆಣೆದ ಅಂಗಿ ತೊಟ್ಟು, ಸ್ಯಾನ್ ಡಿಯಾಗೋದ ಆಚೆಯ ಗುಡ್ಡಗಳಲ್ಲಿ ಡೇರೆ ಹಾಕಿ, ತನ್ನಂಥ ಇನ್ನಷ್ಟು ಜನರೊಂದಿಗೆ ಕತ್ತಿ ಬೀಸುತ್ತ ಮಧ್ಯಯುಗದಲ್ಲಿ ಬದುಕುತ್ತಾನೆ. ನಮ್ಮನ್ನೂ ಕರೆದು, ಬರುವ ದಾರಿಯನ್ನು ಒಂದು ಪುಟ ಬರೆದು ಕೊಟ್ಟಿದ್ದ.

"ಎಷ್ಟು ಚೆನ್ನಾಗಿ ಬರ್ದಿದಾನೆ ನೋಡ್ರೀ, ಕಣ್ಮುಚ್ಕೊಂಡು ಹೋಗ್ಬೋದು," ಎಂದಳು ನಸೀಮಾ.

ಹನ್ನೊಂದು ವರ್ಷದ ದಾಂಪತ್ಯದಲ್ಲಿ ನನ್ನ ಯಾವ ಬರಹಕ್ಕೂ ಈ ಮರ್ಯಾದೆ ಸಿಕ್ಕಿರಲಿಲ್ಲ. ಅಷ್ಟಕ್ಕೂ ದಾರಿ ಹೇಳುವುದು ನಮ್ಮ ಮನೆಯಲ್ಲಿ ನನ್ನ ಇಲಾಖೆ. ನಾರ್ತ್‌ರಿಜ್‌ನಲ್ಲಿ ಓದುವಾಗ ಹೊಸದಾಗಿ ಬಂದಿಳಿದ ಕನ್ನಡಿಗರೆಲ್ಲ ನನ್ನನ್ನೇ ಕೇಳುತ್ತಿದ್ದರು. "ಡೋನಟ್ ಅಂಗಡಿ ದಾಟಿ, ಹಸಿರು ಗೇಟಿನ ಹತ್ರ ಯಾರನ್ನಾದ್ರೂ ಕೇಳಿ" ಎನ್ನುತ್ತಿದ್ದೆ. ಕೇಳೋಣವೆಂದರೆ ಅಲ್ಲಿನ ಫುಟ್‌ಪಾತಿನಲ್ಲಿ ನರಪಿಳ್ಳೆಯೂ ಇರುತ್ತಿರಲಿಲ್ಲ ಎಂಬುದು ಬೇರೆ ಮಾತು. ಪೀಟರನ ಹಾಳೆ ಹಿಡಿದರೆ ಯಾರನ್ನೂ ಕೇಳಬೇಕಾಗಿಯೇ ಇರಲಿಲ್ಲ. ಬರೀ ಮೈಲಿಗಳು, ದಿಕ್ಕುಗಳು. ನನ್ನ ಇಲಾಖೆ ಕೈತಪ್ಪುತ್ತಿದೆ ಎಂದು ದಿಗಿಲಾಯಿತು.

ಹಳೆಯ ಕಾಲದ ಉಡುಪು ಕಡ್ಡಾಯವಂತೆ. ಮದುವೆಯ ಶೇರವಾನಿಯೊಳಗೆ ಹೊಟ್ಟೆಯನ್ನು ತುರುಕಿಕೊಂಡು ಕಾರು ಹತ್ತಿದೆ. ಫ್ರೀವೇ ಬಿಟ್ಟು ಗುಡ್ಡದ ರಸ್ತೆಯಲ್ಲಿ ದಕ್ಷಿಣಕ್ಕೆ ಹೋಗುತ್ತಿದ್ದಾಗ ನಸೀಮಾ, "ಈಗ ವೆಸ್ಟ್‌ಗೆ ತಿರುಗ್ಬೇಕಂತೆ" ಎಂದು ಓದಿದಳು. ನಾನು ಠೀವಿಯಿಂದ ಎಡಕ್ಕೆ ತಿರುಗಿಸಿದೆ.

"ರೀ, ಇದು ಈಸ್ಟ್ ಅಲ್ವಾ?"

"ನನಗೆ ವೆಸ್ಟ್ ಹೇಳ್ಕೊಡ್ತೀಯಾ? ಚಿಕ್ಕಂದಿನಿಂದ ದಿನಕ್ಕೆ ಐದು ಸಲ ಆ ಕಡೆ ಮುಖ ಮಾಡಿ ನಿಂತೋನು ನಾನು!"

ನೆತ್ತಿಯ ಮೇಲಿದ್ದ ಸೂರ್ಯ ಯಾರ ಪರವಾಗಿಯೂ ಸಾಕ್ಷಿ ಹೇಳಲಿಲ್ಲ. ರಸ್ತೆ ಒಂದು ಬೆಣ್ಣೆಹಣ್ಣಿನ ತೋಟದ ಬೇಲಿಗೆ ಬಂದು ಮುಗಿಯಿತು. ನಸೀಮಾ ಫೋನ್ ಮಾಡಿದಳು. ಕಬ್ಬಿಣದಂಗಿಯಲ್ಲೇ ಪಿಕಪ್ ಓಡಿಸಿಕೊಂಡು ಬಂದ ಪೀಟರ್ ಝಣಝಣ ಎನ್ನುತ್ತ ಇಳಿದಾಗ ಚಪ್ಪಾಳೆಯನ್ನೂ ತಟ್ಟಿದಳು. ನನಗೆ ಮೈಯೆಲ್ಲ ಉರಿಯಿತು. ಅವನು ಒಂದು ಮಾತು ಆಡಿಕೊಂಡಿದ್ದರೂ ಸಮಾಧಾನವಾಗುತ್ತಿತ್ತು. ತಾನೇ ಸರಿಯಾಗಿ ಬರೆದಿಲ್ಲವೇನೋ ಎಂದು ಕ್ಷಮೆ ಕೇಳಿಬಿಟ್ಟ, ಪಾಪಿ.

ಇಳಿಹೊತ್ತಿನ ನಮಾಜಿಗೆ ಡೇರೆಯ ಮುಂದೆ ಚಾಪೆ ಹಾಸಿ ನಿಂತಾಗ ಹೊಳೆಯಿತು. ನಾನು ಹುಟ್ಟಿ ಬೆಳೆದ ಮೈಸೂರಿನಲ್ಲಿ ಮೆಕ್ಕಾ ಪಶ್ಚಿಮಕ್ಕೆ, ಇಲ್ಲಿ ಈಶಾನ್ಯಕ್ಕೆ. ನನ್ನ ದೇಹ ಹೊಸ ದಿಕ್ಕಿಗೆ ತಿರುಗಿ ವರ್ಷಗಳಾಗಿದ್ದರೂ ಅದರ ಹೆಸರನ್ನು ಮಾತ್ರ ಊರಿನಿಂದ ತಂದದ್ದನ್ನೇ ಇಟ್ಟುಕೊಂಡಿತ್ತು. ಮಧ್ಯಯುಗದ ಪಂಡಿತರು ಊರೂರಿಗೂ ಈ ದಿಕ್ಕನ್ನು ಲೆಕ್ಕ ಹಾಕಿ ಕೊಡುತ್ತಿದ್ದರಂತೆ. ಅಲ್ಲಿದ್ದ ವೇಷಧಾರಿಗಳಲ್ಲಿ ಅಂಥವನೊಬ್ಬನೂ ಇರಲಿಲ್ಲ. ನಸೀಮಾಳಿಗೂ ಹೊಳೆದಿರಬೇಕು, ನಮಾಜು ಮುಗಿಯುವವರೆಗೆ ತಡೆದುಕೊಂಡು ಆಮೇಲೆ ಬಿದ್ದು ಬಿದ್ದು ನಕ್ಕಳು.

ಮರುವರ್ಷ ಅವಳು ಆಫೀಸಿನ ಗೆಳತಿಯರೊಂದಿಗೆ ಒಂದು ದಿನ ಮೊದಲೇ ಆ ಡೇರೆಗಳಿಗೆ ಹೊರಟುಹೋದಳು. ನಾನೊಬ್ಬನೇ, ಜೊತೆಗೆ ಪೀಟರನ ಅದೇ ಹಾಳೆ. ಅವನ ಒಂದೊಂದು ಸಾಲನ್ನೂ ಹಲ್ಲು ಕಡಿಯುತ್ತ ಪಾಲಿಸಿದೆ. ಗುಡ್ಡದ ತಿರುವಿನಲ್ಲಿ ಕಾರು ನಿಲ್ಲಿಸಿ ನೋಡಿದರೆ, "ಪಶ್ಚಿಮಕ್ಕೆ ತಿರುಗಿ" ಎಂಬುದರ ಪಕ್ಕದಲ್ಲಿ ನೀಲಿ ಶಾಯಿಯಲ್ಲಿ ನಸೀಮಾಳ ದುಂಡು ಕನ್ನಡ ಅಕ್ಷರ:

"ನಮಾಜಿನ ಕಡೆಗಲ್ಲ, ಸಮುದ್ರದ ಕಡೆಗೆ. ಗೊತ್ತಾಗ್ಲಿಲ್ಲ ಅಂದ್ರೆ ಯಾರನ್ನಾದ್ರೂ ಕೇಳಿ."

ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಬಲಕ್ಕೆ ತಿರುಗಿಸಿದೆ. ಇಡೀ ಹಾಳೆಯಲ್ಲಿ ಪೀಟರನಿಗೆ ಓದಲು ಬಾರದ ಸಾಲು ಅದೊಂದೇ.