ಚಂದ್ರಿಯ ಬೆನ್ನಿಗೆ ಒದ್ದೆ ಗೋಣಿ

ಖರಾಡಿಯ ಗಾಜಿನ ಕಟ್ಟಡಗಳ ಬೆನ್ನಿಗೆ ಅಂಬಾದಾಸ ಗೌಳಿಯ ಎಮ್ಮೆ ಕೊಟ್ಟಿಗೆ ಇನ್ನೂ ಉಳಿದಿದೆ ಎಂದರೆ ಯಾರೂ ನಂಬುವುದಿಲ್ಲ. ಬೇಕಾದರೆ ಬಂದು ನೋಡಿ! ಎಂಟು ಎಮ್ಮೆ, ತಗಡಿನ ಸೂರು, ಸೂರಿನ ಮೇಲೊಂದು ಕಪ್ಪು ನೀರಿನ ಟಾಕಿ, ಕೆಳಗೆ ಹಾಲು ಹಿಂಡುತ್ತ ಕುಳಿತ ಸಾಬವ್ವ. ಯಾದಗಿರಿ ಕಡೆಯಿಂದ ಗಂಡ ಹಣಮಂತ್ರಾಯನ ಜೊತೆ ಕಟ್ಟಡದ ಕೂಲಿಗೆಂದು ಬಂದವಳು. ಅವನು ತೀರಿಹೋದ ಮೇಲೆ ಈ ಕೊಟ್ಟಿಗೆ ಸೇರಿ ಹನ್ನೆರಡು ವರ್ಷವಾಯಿತು. ಅಂಬಾದಾಸ ಸೊಲ್ಲಾಪುರ ಕಡೆಯ ಕನ್ನಡದವನು, ಹಾಗಾಗಿ ಈ ಮರಾಠಿ ಶಹರದಲ್ಲೂ ಮಾತಿಗೇನೂ ಬರವಿಲ್ಲ.

ಈ ಮೇ ತಿಂಗಳಲ್ಲಿ, ಅವಳ ಕೈಯಲ್ಲೇ ಹುಟ್ಟಿ ಬೆಳೆದ ಚಂದ್ರಿ ಹಾಲು ಕಡಿಮೆ ಮಾಡಿತು. ಹೊತ್ತಿಗೆ ಐದು ಲೀಟರ್ ಕೊಡುತ್ತಿದ್ದದ್ದು ಎರಡಕ್ಕೆ ಬಂತು. ಅಂಬಾದಾಸ ಹಿಂಡಿ ಬದಲಿಸಿದ, ಡಾಕ್ಟರನ್ನು ಕರೆಸಿದ, ದೃಷ್ಟಿ ತಾಗಿದೆಯೆಂದು ಕೊರಳಿಗೆ ಕರಿದಾರ ಕಟ್ಟಿದ. ಕೊನೆಗೆ, ಚಿಕ್ಕಮ್ಮನೆಂದೇ ಕರೆಯುವ ಸಾಬವ್ವನಿಗೆ, "ಮಾವಶಿ, ರವಿವಾರ ವ್ಯಾಪಾರಿ ಬರ್ತಾನ. ಚಂದ್ರೀನ್ನ ಕೊಟ್ಟುಬಿಡೂಣು," ಎಂದ. ಹಾಲು ಬತ್ತಿದ ಎಮ್ಮೆಯನ್ನು ವ್ಯಾಪಾರಿ ಸಾಕಲು ಒಯ್ಯುತ್ತಾನೆಯೇ, ನೀವೇ ಹೇಳಿ?

ಆ ಮಧ್ಯಾಹ್ನ ಅವಳು ಚಂದ್ರಿಯ ಪಕ್ಕವೇ ಕುಳಿತಳು. ಬಾನಿಯ ತುಂಬ ನೀರಿತ್ತು. ಚಂದ್ರಿ ಮೂತಿ ಇಟ್ಟಿತು, ತೆಗೆಯಿತು; ಮತ್ತೆ ಇಟ್ಟಿತು, ತೆಗೆಯಿತು. ಸಾಬವ್ವ ಕೈ ಅದ್ದಿದಳು. ಅಯ್ಯಯ್ಯ, ಕೈ ಚುರ್ ಎಂದಿತು! ತಗಡಿನ ಮೇಲಿನ ಟಾಕಿ ಕಾದು ನೀರೆಲ್ಲ ಸುಡುತ್ತಿತ್ತು. ಕುಡಿಯೋಣವೆಂದರೆ ಈ ನೀರು, ಸಾಲಿನ ಕೊನೆಗೆ ಕಟ್ಟಿದ ಇದರ ಮೈಮೇಲಷ್ಟೇ ಗಾಜಿನ ಕಟ್ಟಡದಿಂದ ತಿರುಗಿ ಬೀಳುವ ಬಿಸಿಲು. ಹಾಲು ಎಲ್ಲಿಂದ ಬರಬೇಕು? ಊರಲ್ಲಾದರೆ ಎಮ್ಮೆಗಳು ಹಳ್ಳಕ್ಕಿಳಿದು ಮೂಗಿನ ಹೊಳ್ಳೆಯಷ್ಟೇ ಮೇಲಿಟ್ಟು ಸಂಜೆತನಕ ಬಿದ್ದಿರುತ್ತಿದ್ದವು. ಇಲ್ಲಿಯೂ ನದಿ ಇದೆ, ಆದರೆ ನೊರೆ ತೇಲುವ ಆ ನೀರಿಗೆ ಎಮ್ಮೆಯೂ ಮೂಗು ಮುರಿಯುತ್ತದೆ.

ಆ ಕಟ್ಟಡ ಏಳುವಾಗ ಅದರ ಕಂಬಗಳಿಗೆ ಗೋಣಿ ಸುತ್ತಿ ಸಿಮೆಂಟು ಬಿರಿಯದಂತೆ ದಿನಕ್ಕೆ ನಾಲ್ಕು ಸಲ ನೀರು ಹೊಡೆದು ಕ್ಯೂರಿಂಗ್ ಮಾಡಿದವಳು ಸಾಬವ್ವನೇ. ಆಗ ಮಗಳು ಸುಮಂಗಲಾ ಮೂರು ತಿಂಗಳ ಕೂಸು. ಇಂಥದೇ ಬಿಸಿಲಿಗೆ ಸಾಬವ್ವನ ಎದೆಹಾಲು ಬತ್ತಿತು. ಕೂಸು ಅತ್ತೂ ಅತ್ತೂ ದನಿ ಬಿದ್ದುಹೋಯಿತು. ಅಂಬಾದಾಸನ ತಾಯಿ ಮುಕ್ತಾಬಾಯಿ, ಪುಣ್ಯಾತ್ಗಿತ್ತಿ, ಇದೇ ಕೊಟ್ಟಿಗೆಯಿಂದ ಚಂದ್ರಿಯ ಅಜ್ಜಿಯ ಹಾಲನ್ನು ದಿನಾ ತಂಬಿಗೆಯಲ್ಲಿ ತಂದುಕೊಟ್ಟಳು. ಹಣಮಂತ್ರಾಯ ಗೋಣಿ ತೋಯಿಸಿ ತಮ್ಮ ಜೋಪಡಿಯ ತಗಡಿಗೆ ಹೊದಿಸುತ್ತ, "ಕಂಬಕ್ಕಷ್ಟೇ ಏನು, ನಿನಗೂ ಕ್ಯೂರಿಂಗ್ ಮಾಡ್ತೀನಿ ತಡಿ," ಎಂದು ನಗುತ್ತಿದ್ದ. ಎಂಟೇ ದಿನಕ್ಕೆ ಎದೆ ಮತ್ತೆ ತುಂಬಿತ್ತು. ಆ ನಗು ನೆನಪಾಗಿ ಸಾಬವ್ವನಿಗೆ ಅಳುವೂ ಬಂತು, ನಗುವೂ ಬಂತು. ಎಂಥ ಬಡತನ, ಎಂಥ ಚೆಂದದ ದಿನಗಳು!

ಎದ್ದಳು ನೋಡಿ. ಹಿಂಡಿಯ ಖಾಲಿ ಗೋಣಿಗಳನ್ನೆಲ್ಲ ಒಟ್ಟುಮಾಡಿ, ಏಣಿ ಹತ್ತಿ, ಟಾಕಿಗೆ ಸುತ್ತಿದಳು, ತಗಡಿಗೆ ಹೊದಿಸಿದಳು, ಒಂದನ್ನು ಚಂದ್ರಿಯ ಬೆನ್ನಿಗೂ ಹಾಕಿದಳು. ಗಂಟೆಗೊಮ್ಮೆ ನೀರು ಹೊಡೆದಳು.

"ಏನ್ ಮಾವಶಿ, ಎಮ್ಮೀಗೆ ಎಸಿ ಹಾಕಿದೇನು?" ಅಂಬಾದಾಸ ಅಣಕಿಸಿದ.

"ಹೌದ್ರಿ ಸಾವ್ಕಾರ್ರ. ಇದಕ್ಕ ಕರೆಂಟ್ ಬ್ಯಾಡ, ಕೈ ಇದ್ರ ಸಾಕು."

ರವಿವಾರದ ಹೊತ್ತಿಗೆ ಹಾಲು ಮೂರೂವರೆ ಲೀಟರಿಗೆ ಏರಿತ್ತು, ಐದಾಗಿರಲಿಲ್ಲ. ಅಂಬಾದಾಸ ಲೀಟರಿನ ಮಾಪು ನೋಡಿ ಸಾಲದೆಂದು ತಲೆ ಅಲ್ಲಾಡಿಸಿದ. ವ್ಯಾಪಾರಿ ಟೆಂಪೋ ನಿಲ್ಲಿಸಿ ಹಗ್ಗ ಬಿಚ್ಚಿಯೇಬಿಟ್ಟ. ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಎದುರು ಮಾತಾಡದ ಸಾಬವ್ವ ಹೋಗಿ ಆ ಹಗ್ಗ ಹಿಡಿದಳು.

"ಸಾವ್ಕಾರ್ರ, ಬಿಸಲಿಗೆ ನನ್ನ ಹಾಲೂ ಬತ್ತಿತ್ತು. ನಿಮ್ಮವ್ವ ತಂಬಗಿ ಹಿಡ್ಕೊಂಡು ಬಂದ್ರು. ಇಕೀನ್ನ ಟೆಂಪೋಕ್ಕ ಹತ್ತಸ್ರಿ ಅಂತ ಯಾರೂ ಅನ್ಲಿಲ್ಲ."

ಅಂಬಾದಾಸ ಅವಳ ಕೈಯಿಂದ ಹಗ್ಗ ತೆಗೆದುಕೊಂಡು ಚಂದ್ರಿಯನ್ನು ಗೂಟಕ್ಕೆ ಕಟ್ಟಿದ. ವ್ಯಾಪಾರಿಗೆ ಚಹಾ ಕುಡಿಸಿ ಕಳಿಸಿದ. ಆಮೇಲೆ ಪ್ಯಾಂಟು ಮಡಚಿ ತಾನೇ ಏಣಿ ಹತ್ತಿ, "ಮಾವಶಿ, ಬಕೀಟ್ ಕೊಡು. ಗೋಣಿ ಒಣಗ್ಯಾವ," ಎಂದ.