ಹೆಡ್‌ಮೇಷ್ಟ್ರು ಹುಟ್ಟಿಸಿದ ತಾರೀಖು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸುಮಾರು ಒಂಬತ್ತು ವರ್ಷ ನಾನು ಪ್ರಪಂಚದ ಇತಿಹಾಸವನ್ನು ದಿನಕ್ಕೆ ನಾಲ್ಕು ಸಾಲಿನಂತೆ ಕತ್ತರಿಸಿ, ಮೈಸೂರಿನ ಜನಕ್ಕೆ ಸಂಜೆ ಕಾಫಿಯ ಜೊತೆ ನಂಚಿಕೊಳ್ಳಲು ಕೊಟ್ಟಿದ್ದೇನೆ. ನಮ್ಮೂರಿನಲ್ಲಿ ಸಂಜೆ ಪತ್ರಿಕೆಗಳಿಗೆ ಯಾವ ಕಾಲಕ್ಕೂ ಬರವಿರಲಿಲ್ಲವಷ್ಟೆ. ತೊಂಬತ್ತರ ದಶಕದಲ್ಲಿ ಅಂಥದ್ದೊಂದು ಪತ್ರಿಕೆಯ ಮೂರನೆಯ ಪುಟದ ಎಡಮೂಲೆಯಲ್ಲಿ ‘ಈ ದಿನ, ಆ ವರ್ಷ’ ಎಂಬ ಪುಟ್ಟ ಚೌಕವೊಂದು ಬರುತ್ತಿತ್ತು. ನೀವು ನೋಡಿರಲಿಕ್ಕಿಲ್ಲ. ಎಲ್ಲರ ಕಣ್ಣೂ ಅದರ ಪಕ್ಕದ ರಾಶಿಭವಿಷ್ಯದ ಮೇಲೇ ಇರುತ್ತಿತ್ತು. ಆ ಚೌಕದ ಕರ್ತೃ ನಾನೇ. ನನ್ನ ಹೆಸರು ಮಾತ್ರ ಇರುತ್ತಿರಲಿಲ್ಲ. ಯಾಕೆ ಸ್ವಾಮಿ ಎಂದು ಕೇಳಿದ್ದಕ್ಕೆ ಸಂಪಾದಕರು, “ಚಂದ್ರನ ಮೇಲೆ ಇಳಿದೋರ ಹೆಸರೇ ಜಾಗ ಇಲ್ಲ ಅಂತ ತೆಗ್ದಾಕಿದೀನಿ. ನಿಮ್ದೆಲ್ಲಿ ಹಾಕ್ಲಿ, ಬುಡಿ ಅತ್ಲಾಗೆ” ಎಂದಿದ್ದರು.

ನಾನು ಕಾಲೇಜೊಂದರಲ್ಲಿ ಗ್ರಂಥಪಾಲಕನಾಗಿದ್ದೆ. ಯಾರೂ ಮುಟ್ಟದ ದಪ್ಪ ಪುಸ್ತಕಗಳ ಧೂಳನ್ನು ನನ್ನ ಮೂಗೊಂದೇ ಏಕೆ ಕುಡಿಯಬೇಕು ಎಂದು ಶುರುಮಾಡಿದ ಕಸುಬಿದು. ಒಂದು ಹಳೆಯ ದೊಡ್ಡ ಡೈರಿ ಇಟ್ಟುಕೊಂಡು, ದಿನಕ್ಕೊಂದು ಪುಟದಂತೆ, ಆಯಾ ತಾರೀಖಿನಂದು ಲೋಕದಲ್ಲಿ ನಡೆದದ್ದನ್ನೆಲ್ಲ ಸಿಕ್ಕಸಿಕ್ಕಹಾಗೆ ಬರೆದುಕೊಳ್ಳುತ್ತಿದ್ದೆ. ಆದರೆ ಬರೆದದ್ದೆಲ್ಲ ಅಚ್ಚಾಗುತ್ತದೆಂಬ ಭರವಸೆಯಿರಲಿಲ್ಲ. ಒಂದು ಜುಲೈ ಹದಿನಾಲ್ಕರಂದು ಶಾಮಿಯಾನ ಬಾಡಿಗೆಯವರ ಜಾಹೀರಾತು ಕೊನೇ ಗಳಿಗೆಯಲ್ಲಿ ಬಂದು, ಫ್ರಾನ್ಸಿನ ಮಹಾಕ್ರಾಂತಿಯೇ ಪುಟದಿಂದ ಎದ್ದುಹೋಯಿತು. ಊರಿನಲ್ಲಿ ಒಬ್ಬನೇ ಒಬ್ಬ ಯಾಕೆ ಎಂದು ಕೇಳಬೇಕಲ್ಲ! ಮನೆಯಲ್ಲಿ ನನ್ನ ಹೆಂಡತಿ ಗಿರಿಜೆಯ ಮೆಚ್ಚುಗೆಯೂ ಇಷ್ಟೇ. “ಲೋಕದ ತಾರೀಖೆಲ್ಲ ಬಾಯಲ್ಲಿದೆ, ಗ್ಯಾಸ್ ಬುಕ್ ಮಾಡೋ ತಾರೀಖು ಮಾತ್ರ ತಲೇಲಿ ನಿಲ್ಲಲ್ಲ” ಎಂದು ಸೀಮೆಎಣ್ಣೆ ಸ್ಟೌವಿಗೆ ಪಂಪು ಹೊಡೆಯುತ್ತ ಹೇಳುತ್ತಿದ್ದಳು.

ಆದರೂ ಈ ಕೆಲಸದಲ್ಲೊಂದು ಚಪಲವಿತ್ತು. ಕ್ಯಾಲೆಂಡರೆಂದರೆ ನಮ್ಮ ಹಳೇ ಅಗ್ರಹಾರದ ವಠಾರವಿದ್ದಂತೆ ಕಾಣುತ್ತಿತ್ತು ನನಗೆ. ಮನೆ ಅದೇ, ದಶಕಕ್ಕೊಂದು ಸಂಸಾರ ಬಂದು ಹೋಗುತ್ತದೆ. ಜೂನ್ ಇಪ್ಪತ್ತೈದನ್ನೇ ನೋಡಿ. ಸಾವಿರದ ಒಂಬೈನೂರ ಮೂವತ್ತೆರಡರಲ್ಲಿ ಆ ದಿನ ನಮ್ಮವರು ಲಾರ್ಡ್ಸ್ ಮೈದಾನದಲ್ಲಿ ಮೊತ್ತಮೊದಲ ಟೆಸ್ಟ್ ಆಡಲು ಇಳಿದರು. ಎಪ್ಪತ್ತೈದರಲ್ಲಿ ಅದೇ ದಿನ ದೇಶಕ್ಕೆ ತುರ್ತುಪರಿಸ್ಥಿತಿ ಬಂತು. ಎಂಬತ್ತಮೂರರಲ್ಲಿ ಅದೇ ದಿನ, ಅದೇ ಮೈದಾನದಲ್ಲಿ ವಿಶ್ವಕಪ್ ಗೆದ್ದರು. ಮಧ್ಯದ ಬಾಡಿಗೆದಾರನಿಗೂ ಆಚೀಚಿನವರಿಗೂ ಏನಾದರೂ ಸಂಬಂಧವುಂಟೆ? ಏಪ್ರಿಲ್ ಹನ್ನೆರಡಕ್ಕೆ ಮನುಷ್ಯ ಮೊದಲು ಬಾಹ್ಯಾಕಾಶಕ್ಕೆ ಹೋದ. ಸರಿಯಾಗಿ ಇಪ್ಪತ್ತು ವರ್ಷದ ಮೇಲೆ ಅದೇ ತಾರೀಖಿಗೆ ಮರಳಿ ಬಂದು ಮತ್ತೆ ಹಾರಬಲ್ಲ ಮೊದಲ ಬಾಹ್ಯಾಕಾಶ ನೌಕೆ ಮೇಲೇರಿತು. ಜುಲೈ ಇಪ್ಪತ್ತರಂದು ಒಂದು ವರ್ಷ ಚಂದ್ರ, ಏಳು ವರ್ಷ ಬಿಟ್ಟು ಮಂಗಳ. ಇದನ್ನು ಬರೆದಾಗ ಮಾತ್ರ ಓದುಗರೊಬ್ಬರ ಪತ್ರ ಬಂತು. ನಮ್ಮ ಗಡಿಯಾರದ ಪ್ರಕಾರ ಚಂದ್ರನ ಮೇಲಿಳಿದಾಗ ಇಲ್ಲಿ ಆಗಲೇ ಇಪ್ಪತ್ತೊಂದಾಗಿತ್ತು, ಕೂಡಲೇ ತಪ್ಪೊಪ್ಪಿಗೆ ಅಚ್ಚುಹಾಕಿ ಎಂದು. ಅವರು ಹೇಳಿದ್ದು ಅಪ್ಪಟ ನಿಜ. ಆವತ್ತಿನಿಂದ ನನಗೆ ಓದುಗರೆಂದರೆ ಒಳಗೊಳಗೇ ಭಯ.

ಇಷ್ಟೆಲ್ಲ ಹೇಳಿದವನು ಜೂನ್ ಒಂದರ ಸಂಗತಿ ಹೇಳದಿದ್ದರೆ ಹೇಗೆ? ನಮ್ಮ ಸೀಮೆಯಲ್ಲಿ ಹುಟ್ಟಿದ ಅರ್ಧ ಜನ ಜೂನ್ ಒಂದರಂದೇ ಹುಟ್ಟಿದವರು. ಗಾಬರಿಯಾಗಬೇಡಿ. ತಾಯಂದಿರ ತಪ್ಪಿಲ್ಲ, ಹೆಡ್‌ಮೇಷ್ಟರ ಮಹಿಮೆ. ಮಗುವನ್ನು ಶಾಲೆಗೆ ಸೇರಿಸಲು ಕರೆದೊಯ್ದರೆ ಅವರು ಮಾಡುತ್ತಿದ್ದ ಪರೀಕ್ಷೆ ಒಂದೇ: ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟು. ಮುಟ್ಟಿದರೆ ವಯಸ್ಸಾಯಿತು. “ಯಾವಾಗ ಹುಟ್ಟಿದ್ದು?” ಎಂದರೆ ಅಪ್ಪ ತಲೆ ಕೆರೆದುಕೊಂಡು “ಎಮ್ಮೆ ಕರು ಹಾಕಿದ ವಾರ” ಎನ್ನುತ್ತಿದ್ದ. ಎಮ್ಮೆಯ ತಾರೀಖನ್ನು ದಾಖಲಾತಿ ಪುಸ್ತಕದಲ್ಲಿ ಬರೆಯಲಾದೀತೆ? ಶಾಲೆ ಬಾಗಿಲು ತೆರೆದ ತಿಂಗಳನ್ನೇ ಹಿಡಿದು, ಬೇಕಾದಷ್ಟು ವರ್ಷ ಹಿಂದಕ್ಕೆ ಎಣಿಸಿ, ಜೂನ್ ಒಂದು ಎಂದು ಬರೆದು ಮಸಿ ಒತ್ತಿಬಿಡುತ್ತಿದ್ದರು. ಇದರ ಫಲವನ್ನು ನೋಡಬೇಕಿದ್ದರೆ ಮೇ ಮೂವತ್ತೊಂದರಂದು ಯಾವುದಾದರೂ ಸರ್ಕಾರಿ ಕಚೇರಿಗೆ ಹೋಗಿ. ಅಷ್ಟೂ ಮಂದಿ ಒಟ್ಟಿಗೇ ನಿವೃತ್ತರಾಗಿ, ಹೂವಿನ ಹಾರಕ್ಕೆ ಬರ ಬಂದಿರುತ್ತದೆ. ನಮ್ಮದು ಮಠದ ಸಂಪರ್ಕವಿದ್ದ ಮನೆತನ. ನನಗೊಂದು ಜಾತಕ ಬರೆಸಿಟ್ಟಿದ್ದರು. ಹಾಗಾಗಿ ಇದಕ್ಕೆಲ್ಲ ನಾನು ಲಘುವಾಗಿ ನಗಾಡಬಲ್ಲವನಾಗಿದ್ದೆ, ಪಕ್ಕದ ಮನೆಯ ಸಣ್ಣತಾಯಮ್ಮ ಗೇಟು ತೆಗೆದು ಬರುವವರೆಗೆ.

ನಾವು ದಟ್ಟಗಳ್ಳಿಯ ಹೊಸ ಬಡಾವಣೆಗೆ ಬಂದಾಗ ಸುತ್ತಲೂ ಮನೆಗಳಿಗಿಂತ ಪಾರ್ಥೇನಿಯಮ್ ಗಿಡಗಳೇ ಹೆಚ್ಚಿದ್ದವು. ಮೊದಲು ಸಿಕ್ಕ ನೆರೆಯವರೆಂದರೆ ಈ ಸಣ್ಣತಾಯಮ್ಮ. ದೊಡ್ಡಾಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ನರ್ಸು. ಬೀದಿಗೆಲ್ಲ ಅವರು ‘ಸಿಸ್ಟರ್’. ಮೈಸೂರಿನ ಅದೆಷ್ಟು ಮಕ್ಕಳು ಮೊದಲು ನೋಡಿದ ಮುಖ ಅವರದೋ! ಎರಡು ಸಾವಿರದ ಒಂದನೇ ಇಸವಿ ಇರಬೇಕು, ಜೂನ್ ಎರಡರ ಬೆಳಿಗ್ಗೆ ಕೈಯಲ್ಲಿ ಹಿಂದಿನ ಸಂಜೆಯ ನನ್ನ ಪತ್ರಿಕೆ ಹಿಡಿದುಕೊಂಡು ಬಂದರು.

“ಸಾರ್, ಲೋಕದ ತಾರೀಕೆಲ್ಲ ಹುಡುಕ್ತೀರಲ್ಲ, ನಂದೊಂದು ಹುಡುಕ್ಕೊಡಿ.”

“ಯಾವ ತಾರೀಖು ಸಿಸ್ಟರ್?”

“ನಾನು ಹುಟ್ಟಿದ್ದು.”

ವಾರ್ಡಿನಲ್ಲಿ ಯಾರ ಹುಟ್ಟುಹಬ್ಬ ಬಂದರೂ ಟೀ ಹೊತ್ತಿನಲ್ಲಿ ಒಂದು ಕೇಕ್ ಕತ್ತರಿಸುವ ರೂಢಿಯಂತೆ. ಜೂನ್ ಒಂದರಂದು ಹುಟ್ಟಿದವರು ಐದು ಜನ. ಒಂದೇ ಕೇಕು, ಒಂದೇ ಚಾಕು, ಅದರ ಮೇಲೆ ಐದು ಕೈ. ಹಿಂದಿನ ದಿನ ಸಿಸ್ಟರ್‌ಗೆ ಚಾಕುವಿನ ಹಿಡಿಯೇ ಸಿಕ್ಕಿರಲಿಲ್ಲ. ಪಕ್ಕದವಳ ಮೊಣಕೈ ಹಿಡಿದುಕೊಂಡು ನಿಂತಿದ್ದರಂತೆ. ನಾನು ಹೋ ಎಂದು ನಕ್ಕುಬಿಟ್ಟೆ. ಅವರು ನಗಲಿಲ್ಲ.

“ನಗ್ಬೇಡಿ ಸಾರ್. ದಿನಾ ಊರೋರ ಮಕ್ಕಳ ಟೈಮು ಬರೀತೀನಿ ನಾನು. ಗಂಟೆ, ನಿಮಿಷ, ತೂಕ, ಒಂದೂ ಬಿಡಲ್ಲ. ಬರೆಯುವಾಗ ಒಂದೊಂದ್ಸಲ ಹೊಟ್ಟೆ ಉರ್‍ದೋಗತ್ತೆ, ನಿಜ ಹೇಳ್ತೀನಿ. ಆ ಕೂಸಿಗೆ ಹುಟ್ಟಿ ಹತ್ತು ನಿಮಿಷ ಆಗಿಲ್ಲ, ಅದಕ್ಕೂ ಒಂದು ತಾರೀಕದೆ. ನಂಗೆ ನಲವತ್ತೈದಾಯ್ತು. ಜೂನ್ ಒಂದು ಹೆಡ್‌ಮೇಷ್ಟ್ರು ಹುಟ್ಟಿಸಿದ ತಾರೀಕು ಸಾರ್. ನಮ್ಮವ್ವ ಹೆತ್ತ ತಾರೀಕು ಬೇಕು ನಂಗೆ.”

ನನ್ನ ನಗು ಅಲ್ಲೇ ಇಂಗಿತು. ಗಿರಿಜೆ ಅಡುಗೆಮನೆಯಿಂದ ಬಂದು ಬಾಗಿಲಿಗೊರಗಿ ನಿಂತಳು. ಅವಳ ಮುಖದಲ್ಲಿ ‘ಇದನ್ನಾದರೂ ಸರಿಯಾಗಿ ಮಾಡಿ’ ಎಂದು ಬರೆದಿತ್ತು.

ಕುರುಹು ಏನಾದರೂ ಉಂಟೇ ಎಂದು ಕೇಳಿದೆ. ತೀರಿಹೋಗಿದ್ದ ಅವರ ತಾಯಿ ಎರಡೇ ಮಾತು ಹೇಳಿದ್ದರಂತೆ. ಹೊಲದಲ್ಲಿ ರಾಗಿ ತೆನೆ ಕಟ್ಟಿತ್ತು. ಶಾಲೆಗೆ ತೋರಣ ಕಟ್ಟಿ ಮಕ್ಕಳಿಗೆಲ್ಲ ಪೆಪ್ಪರ್‌ಮೆಂಟ್ ಹಂಚಿದ್ದರು. ಅಷ್ಟು ಸಾಕಾಯಿತು ನನಗೆ! ಒಂಬತ್ತು ವರ್ಷದ ಪಾಂಡಿತ್ಯ ಒಮ್ಮೆಲೇ ಮೈದುಂಬಿತು. ಪೆಪ್ಪರ್‌ಮೆಂಟ್ ಹಂಚುವುದು ಸರ್ಕಾರಕ್ಕೆ ಸಂತೋಷವಾದಾಗ ತಾನೆ? ಆಗಸ್ಟ್ ಹದಿನೈದಕ್ಕೆ ರಾಗಿ ಇನ್ನೂ ಪೈರು. ಜನವರಿ ಇಪ್ಪತ್ತಾರಕ್ಕೆ ಅದು ಮನೆ ಸೇರಿ ಮುದ್ದೆಯೇ ಆಗಿರುತ್ತದೆ. ತೆನೆಯೂ ಪೆಪ್ಪರ್‌ಮೆಂಟೂ ಕೂಡುವ ದಿನ ನವೆಂಬರ್ ಒಂದು. ಇಸವಿ ಐವತ್ತಾರು, ರಾಜ್ಯ ಒಂದಾದ ದಿನ. ಸಾಲದ್ದಕ್ಕೆ ಎಪ್ಪತ್ತಮೂರರಲ್ಲಿ ಅದೇ ದಿನ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟದ್ದು. ಒಂದು ವಾರದ ಮೇಲೆ ಕೆಮ್ಮಿ ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟೆ. ಸಿಸ್ಟರ್ ಮುಖ ನೋಡಬೇಕಿತ್ತು ನೀವು.

“ಅಯ್ಯೋ ನನ್ನಪ್ಪ! ನನ್ ಹುಟ್ಟಿದಬ್ಬಕ್ಕೆ ರಾಜ್ಯಕ್ಕೆಲ್ಲ ರಜಾ ಕೊಡ್ತಾರಾ ಸಾರ್?”

ಆ ವರ್ಷದ ನವೆಂಬರ್ ಒಂದರಂದು ನಮ್ಮ ಬಡಾವಣೆಯ ಉದ್ಯಾನದಲ್ಲಿ, ಅಂದರೆ ಉದ್ಯಾನವಾಗಬೇಕಿದ್ದ ಬಯಲಿನಲ್ಲಿ, ಹಳದಿ ಕೆಂಪು ಬಾವುಟ ಏರಿತು. ಸಿಸ್ಟರ್ ಹಳದಿ ಸೀರೆಗೆ ಕೆಂಪು ರವಿಕೆ ತೊಟ್ಟು, ಸ್ಟೀಲ್ ಡಬ್ಬಿಯ ತುಂಬ ಮೈಸೂರುಪಾಕು ಹಿಡಿದು ಬಂದಿದ್ದರು. ವಾರ್ಡಿನ ಗೆಳತಿಯರೂ ಬಂದಿದ್ದರು. ಬಡಾವಣೆಯ ಸಂಘದ ಅಧ್ಯಕ್ಷರು ಭಾಷಣದಲ್ಲಿ ನಾಡಿನ ಜೊತೆ ನಮ್ಮ ಸಿಸ್ಟರೂ ಹುಟ್ಟಿದರು ಎಂದಾಗ ಚಪ್ಪಾಳೆ ಬಿತ್ತು. ನಾನು ಚಪ್ಪಾಳೆಯನ್ನು ನನಗೇ ಎಂದು ಸ್ವೀಕರಿಸಿ ತಲೆ ಬಾಗಿಸಿದೆ. ಆಗ ಸಿಸ್ಟರ್ ಪಕ್ಕದಲ್ಲಿ ನಿಂತಿದ್ದ ಅವರ ಅಕ್ಕ ನಿಂಗಮ್ಮ, ಹಬ್ಬಕ್ಕೆಂದು ಮಂಡಕಳ್ಳಿಯಿಂದ ಬಂದಿದ್ದವರು, ಮೈಸೂರುಪಾಕು ಜಗಿಯುತ್ತ ಕೇಳಿದರು.

“ಯಾರು ಏಳಿದ್ದು ನೀನು ಇವತ್ತುಟ್ಟಿದ್ದು ಅಂತ?”

“ಸಾರ್ ಕಣಕ್ಕ. ಪೆಪ್ಪರ್‌ಮೆಂಟ್ ಕೊಟ್ಟಿದ್ರು ಅಂತ ಅವ್ವ ಹೇಳ್ತಿರ್ನಿಲ್ವಾ? ರಾಜ್ಯೋತ್ಸವಕ್ಕೆ ಕೊಟ್ಟಿದ್ದಂತೆ.”

“ಯಾವ ಉತ್ಸವನೂ ಇಲ್ಲ ಕಣಮ್ಮಿ. ಆ ಪೆಪ್ಪರ್‌ಮೆಂಟ್ ತಿಂದೋಳೇ ನಾನು, ನಂಗೊತ್ತಿಲ್ವಾ? ಇಸ್ಕೂಲಿಗೆ ಇನ್ಸ್‌ಪೆಕ್ಟ್ರು ಬಂದಿದ್ರು. ಅವರ ಮೀಸೆ ನೋಡಿ ಐಕ್ಳೆಲ್ಲ ಅಳಕ್ಕಿಡ್ಕಂಡೋ. ಬಾಯ್ ಮುಚ್ಚುಸಕ್ಕೆ ಅಂತ ಮೇಷ್ಟ್ರು ಅಂಚಿದ್ದು.”

“ಅದು ಯಾವ ದಿನ ಅಂತ ನೆನಪಿದೆಯೇ ತಾಯಿ?” ನಾನು ಕೊನೆಯ ಆಸೆಯಿಂದ ಕೇಳಿದೆ.

“ನಂಗೆಂಗ್ ಗೊತ್ತಾದದು ಸ್ವಾಮಿ? ರಾಗಿ ತೆನೆ ಇದ್ದಿದ್ದು ಮಾತ್ರ ದಿಟ.”

ಒಬ್ಬ ಇನ್ಸ್‌ಪೆಕ್ಟರರ ಮೀಸೆ ಇಡೀ ಏಕೀಕರಣವನ್ನೇ ಉರುಳಿಸಿತು. ಸುತ್ತಲಿದ್ದವರು ನಕ್ಕರು. ನನಗೂ ನಗು ಬಂತು, ಸುಳ್ಳೇಕೆ ಹೇಳಲಿ. ಆದರೆ ಸಿಸ್ಟರ್ ಡಬ್ಬಿಯ ಮುಚ್ಚಳ ಹಾಕಿ, “ಹೋಗ್ಲಿ ಬುಡಕ್ಕ” ಎಂದಷ್ಟೇ ಹೇಳಿ ಮನೆಯ ಕಡೆ ನಡೆದರು. ಹಳದಿ ಸೀರೆ ಬೀದಿ ತಿರುಗುವವರೆಗೂ ನಾನು ಅಪರಾಧಿಯಂತೆ ನೋಡುತ್ತ ನಿಂತಿದ್ದೆ. ಅದೇನು ವಿದ್ಯೆಯೋ ನನ್ನದು! ನನ್ನ ಜಾಣತನ ಮೆರೆಯಲು ಆಕೆಗೊಂದು ಹುಟ್ಟುಹಬ್ಬ ಕೊಟ್ಟು, ಊರೆಲ್ಲ ನೋಡುತ್ತಿದ್ದಂತೆ ಕಿತ್ತುಕೊಂಡ ಹಾಗಾಯಿತು. ಎರಡು ವಾರ ಅವರು ನಮ್ಮ ಗೇಟು ತೆಗೆಯಲಿಲ್ಲ. ನಾನೂ ಕಾಂಪೌಂಡಿನ ಆ ಬದಿಯ ಗುಲಾಬಿ ಗಿಡಕ್ಕೆ ನೀರು ಹಾಕುವುದನ್ನೇ ಬಿಟ್ಟಿದ್ದೆ.

ಆಮೇಲೊಂದು ಭಾನುವಾರ ಅವರೇ ಬಂದರು. ನನ್ನ ಕ್ಷಮಾಪಣೆಯ ಪೀಠಿಕೆಯನ್ನು ಕೈಯಾಡಿಸಿ ತಡೆದು, “ಆ ನಿಮ್ ಡೈರಿ ತೋರ್ಸಿ ಸಾರ್” ಎಂದರು. ತಂದುಕೊಟ್ಟೆ.

“ರಾಗಿ ತೆನೆ ಅಂದ್ರೆ ಎಲ್ಲಿಂದ ಎಲ್ಲೀಗಂಟ?”

ಗುರುತು ಮಾಡಿಕೊಟ್ಟೆ. ಅವರು ಕುರ್ಚಿ ಎಳೆದುಕೊಂಡು ಒಂದೊಂದೇ ಪುಟ ತಿರುವಿದರು. ಯುದ್ಧ, ಸಂಧಾನ, ಪಟ್ಟಾಭಿಷೇಕ, ಭೂಕಂಪ. ಒಂದೊಂದು ಪುಟದಲ್ಲಿ ಅಂಚಿನವರೆಗೂ ಇರುಕಿರುಕಿ ಬರೆದಿದ್ದೆ. “ಇಲ್ಲೆಲ್ಲ ಕೇಕಿನ ಚಾಕು ಹಿಡಿದಂಗೇ ಆಗೋಯ್ತದೆ ಸಾರ್” ಎಂದು ಗೊಣಗಿದರು. ಆಮೇಲೆ ಒಂದು ಪುಟದಲ್ಲಿ ನಿಂತರು.

“ಇದ್ಯಾಕೆ ಖಾಲಿ?”

ನಾಚಿಕೆಯಿಂದ ಹೇಳಿದೆ. ಆ ತಾರೀಖಿಗೆ ನನಗೆ ಎಂದೂ ಏನೂ ಸಿಕ್ಕಿರಲಿಲ್ಲ. ಹುಡುಕಲು ಸೋಮಾರಿತನವೂ ಇತ್ತೆನ್ನಿ. ವರ್ಷವರ್ಷವೂ ಆ ದಿನ ಸಂಪಾದಕರಿಗೆ ಫೋನ್ ಮಾಡಿ ಜ್ವರ ಬಂದಿದೆ ಎಂದುಬಿಡುತ್ತಿದ್ದೆ.

“ಅಂದ್ರೆ ಇವತ್ತಿನಗಂಟ ಈ ದಿನ ಏನೂ ಆಗಿಲ್ಲ?”

“ನನ್ನ ಡೈರಿಯ ಮಟ್ಟಿಗೆ ಆಗಿಲ್ಲ.”

“ಹಂಗಾದ್ರೆ ಇದು ನಂಗಿರ್ಲಿ.”

ನನ್ನ ಜೇಬಿನ ಪೆನ್ನು ಕೇಳಿ ಪಡೆದು, ಆ ಪುಟದ ನೆತ್ತಿಯ ಮೇಲೆ, ಆಸ್ಪತ್ರೆಯವರ ಅವಸರದ ಅಕ್ಷರದಲ್ಲಿ ಬರೆದರು: ‘ಹೆಣ್ಣು ಕೂಸು. ತಾಯಿ, ಮಗು ಇಬ್ಬರೂ ಕ್ಷೇಮ.’ ಬರೆದು ಮುಗಿಸಿ ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕುಳಿತರು. ಗಿರಿಜೆ ಒಳಗೆ ಹೋಗಿ ಸಕ್ಕರೆ ಡಬ್ಬಿ ತಂದಳು. ನನಗೆ ಕಣ್ಣು ಮಂಜಾಯಿತು; ಡೈರಿಯ ಧೂಳು ಎಂದು ಹೇಳಿ ಪಾರಾದೆ.

ಆ ತಾರೀಖು ಯಾವುದು ಎಂದು ಕೇಳುತ್ತಿದ್ದೀರಲ್ಲವೆ? ಹೇಳುವುದಿಲ್ಲ. ಓದುಗರ ಜಾತಿಯೇ ನನಗೆ ಗೊತ್ತು. ಹೇಳಿದ ಮಾರನೆಯ ದಿನವೇ ‘ಆವತ್ತು ಇಂಥದು ನಡೆದಿತ್ತು, ಕೂಡಲೇ ತಿದ್ದಿಕೊಳ್ಳಿ’ ಎಂದು ಪತ್ರ ಹಾಕುತ್ತೀರಿ. ಆ ಕಷ್ಟ ನಿಮಗೆ ಬೇಡ. ಎರಡು ವರ್ಷದ ಮೇಲೆ ಗ್ರಂಥಾಲಯದ ಒಂದು ದಪ್ಪ ಪುಸ್ತಕದಲ್ಲಿ ನನಗೇ ಸಿಕ್ಕಿತು. ಎಲ್ಲೋ ಒಂದು ದೂರದ ದೇಶದಲ್ಲಿ ಅದೇ ದಿನ ಒಬ್ಬ ದೊರೆ ಪಟ್ಟಕ್ಕೆ ಬಂದನಂತೆ. ಅಭ್ಯಾಸಬಲದಿಂದ ಪೆನ್ನು ತೆಗೆದವನು, ಸುತ್ತ ಯಾರೂ ನೋಡುತ್ತಿಲ್ಲವೆಂದು ಖಚಿತಮಾಡಿಕೊಂಡು, ಪುಸ್ತಕವನ್ನು ಮುಚ್ಚಿ ಏಣಿ ಹತ್ತಿ ಬೀರುವಿನ ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿ ಹಿಂದಕ್ಕೆ ತಳ್ಳಿಬಿಟ್ಟೆ. ಪಾಪ, ದೊರೆಗೇನು, ಬರೆಸಿಕೊಳ್ಳಲು ಬೇರೆ ಬೇಕಾದಷ್ಟು ಪುಸ್ತಕಗಳಿವೆ.